ಎರವಲು ಆಟಗಾರರ ಮೇಷ್ಟ್ರು

ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಮೇನ್ ಸ್ಟ್ರೀಟ್ ಮತ್ತು ಸ್ಟೇಡಿಯಂ ಬುಲೆವಾರ್ಡ್ ಕೂಡುವ ಮೂಲೆಗೆ ಬಂದರೆ ಒಂದು ಬದಿಗೆ ಪಯನೀರ್ ಹೈಸ್ಕೂಲು, ಎದುರು ಬದಿಗೆ ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣ. ಆಸನಗಳ ಬಹುಪಾಲು ನೆಲಮಟ್ಟಕ್ಕಿಂತ ಕೆಳಗಿರುವುದರಿಂದ ರಸ್ತೆಯಲ್ಲಿ ನಿಂತವರಿಗೆ ಅದರ ಅಗಾಧತೆ ಗೊತ್ತಾಗುವುದಿಲ್ಲ; ಒಳಗೆ 1,07,601 ಜನ ಕೂರುತ್ತಾರೆ. 1970ರ ದಶಕದಲ್ಲಿ ಜ್ಯಾಕ್ ಹಾರ್ಬಾ ಇಲ್ಲಿ ಸಹಾಯಕ ಕೋಚ್ ಆಗಿದ್ದರು. ಅವರ ಹಿರಿಯ ಮಗ ಜಾನ್ ಓದಿದ್ದು ಈ ಎದುರುಗಡೆಯ ಹೈಸ್ಕೂಲಿನಲ್ಲಿ. ಕಿರಿಯ ಮಗ ಜಿಮ್ ಮುಂದೆ ಇದೇ ಮಿಷಿಗನ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಕ್ರಮಣ ನಡೆಸುವ ಆಟಗಾರ, ಆಗಿ ಮನೆಮಾತಾದ. ಜಾನ್‌ಗೆ ಅಂಥ ಆಟ ಒಲಿಯಲಿಲ್ಲ. ಓಹಾಯೊದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನ ಮಯಾಮಿ ವಿಶ್ವವಿದ್ಯಾಲಯ ಸೇರಿ, ತಂಡದಲ್ಲಿದ್ದೂ ಹೆಚ್ಚು ಆಡಲು ಸಿಗದೆ, ಓದು ಮುಗಿಸಿ ಕೋಚ್ ಕೆಲಸಕ್ಕೆ ಇಳಿದರು. ಅಲ್ಲಿಂದ ಕಲಮಜೂ, ಪಿಟ್ಸ್‌ಬರ್ಗ್, ಮೋರ್‌ಹೆಡ್, ಸಿನ್ಸಿನಾಟಿ, ಬ್ಲೂಮಿಂಗ್ಟನ್. 14 ವರ್ಷಗಳಲ್ಲಿ ಐದು ಊರು. ಆನ್ ಆರ್ಬರ್‌ನಿಂದ ಬೆಳಗ್ಗೆ ಕಾರು ಹತ್ತಿದರೆ ಇವುಗಳಲ್ಲಿ ಯಾವ ಊರನ್ನಾದರೂ ಸಂಜೆಯೊಳಗೆ ಮುಟ್ಟಬಹುದು. ಆದರೆ ಈ ದಾರಿಯನ್ನು ನಕ್ಷೆಯ ದೂರದಲ್ಲಿ ಅಳೆಯಲಾಗದು. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಸ್ಪೆಷಲ್ ಟೀಮ್ಸ್ ಕೋಚ್ ಎಂಬ ಹುದ್ದೆ ಮನುಷ್ಯನನ್ನು ಹೇಗೆ ತಿದ್ದುತ್ತದೆ ಎಂದು ತಿಳಿಯಬೇಕಾದವರು ಈ ಊರುಗಳನ್ನು ಒಂದಾದ ಮೇಲೊಂದರಂತೆ ನೋಡಬೇಕು.

ಈ ಹುದ್ದೆಯ ಪರಿಚಯ ಮೊದಲು ಆಗಲಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಹಿಡಿದು ಮುನ್ನುಗ್ಗುವ ಹನ್ನೊಂದು ಮಂದಿ ಬೇರೆ, ತಡೆಯುವ ಹನ್ನೊಂದು ಮಂದಿ ಬೇರೆ. ಇವೆರಡೂ ಅಲ್ಲದ, ಚೆಂಡನ್ನು ಕಾಲಿನಿಂದ ಒದೆಯುವ ಅಥವಾ ಒದ್ದ ಚೆಂಡನ್ನು ಹಿಡಿದು ಓಡುವ ಸಂದರ್ಭಗಳಿಗೆ ಕಣಕ್ಕಿಳಿಯುವ ಪಡೆಗಳೇ ಸ್ಪೆಷಲ್ ಟೀಮ್ಸ್. ಆಟ ಶುರುಮಾಡುವ ಕಿಕ್‌ಆಫ್, ಮುಂದೆ ಸಾಗಲಾಗದಾಗ ಎದುರಾಳಿಗೆ ಚೆಂಡು ದೂರ ಒದ್ದುಕೊಡುವ ಪಂಟ್, ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಫೀಲ್ಡ್ ಗೋಲ್, ಈ ಮೂರಕ್ಕೂ ಎದುರು ನಿಲ್ಲುವ ಇನ್ನು ಮೂರು ಪಡೆ. ಫೀಲ್ಡ್ ಗೋಲ್ ಒಂದನ್ನೇ ಹತ್ತಿರದಿಂದ ನೋಡಿ. ಸ್ನ್ಯಾಪರ್ ಬಾಗಿ ನಿಂತು, ತಲೆಕೆಳಗಾಗಿ ಹಿಂದಕ್ಕೆ ನೋಡುತ್ತ, ಎರಡು ಕಾಲುಗಳ ನಡುವಿನಿಂದ ಚೆಂಡನ್ನು ಏಳೆಂಟು ಗಜ ಹಿಂದಕ್ಕೆ ಎಸೆಯುತ್ತಾನೆ. ಮಂಡಿಯೂರಿದ ಹೋಲ್ಡರ್ ಅದನ್ನು ಹಿಡಿದು, ನೆಲಕ್ಕೆ ಊರಿ, ಚೆಂಡಿನ ಹೊಲಿಗೆ ಗೋಲಿನ ಕಡೆಗೆ ತಿರುಗುವಂತೆ ಬೆರಳ ತುದಿಯಲ್ಲಿ ಹೊರಳಿಸುತ್ತಾನೆ. ಹೊಲಿಗೆ ಕಿಕ್ಕರನ ಕಡೆಗಿದ್ದರೆ ಒದೆತ ಅಡ್ಡದಾರಿ ಹಿಡಿಯಬಹುದು. ಅಷ್ಟರಲ್ಲಿ ಕಿಕ್ಕರನ ಕಾಲು ಬಂದಾಗಿರುತ್ತದೆ. ಸ್ನ್ಯಾಪರನ ಕೈ ಅಲುಗಿದ್ದರಿಂದ ಹಿಡಿದು ಚೆಂಡು ಕಾಲಿಗೆ ತಾಗುವವರೆಗೆ ಇರುವ ಅವಧಿ ಸುಮಾರು 1.3 ಸೆಕೆಂಡ್. ಈ ಮೂವರ ಹೆಸರು ಬಹಳ ಜನರಿಗೆ ತಿಳಿಯುವುದು ತಪ್ಪಾದಾಗ ಮಾತ್ರ. ಅವರ ಮೇಷ್ಟ್ರ ಹೆಸರು ಆಗಲೂ ತಿಳಿಯುವುದಿಲ್ಲ.

ನನ್ನ ವಾದ ಇದು: ಎಲೆಮರೆಯ ಕಾಯಿಯಂತಿರುವ ಈ ಕೋಚ್, ತಂಡದ ಅಂಚಿನಲ್ಲಿ ನಿಂತವನಂತೆ ಕಂಡರೂ, ಇಡೀ ತಂಡವನ್ನು ನೋಡುವ ಏಕೈಕ ಸಹಾಯಕ. ಕ್ವಾರ್ಟರ್‌ಬ್ಯಾಕ್ ಕೋಚ್‌ಗೆ ತನ್ನದೇ ಮೂರ್ನಾಲ್ಕು ಹುಡುಗರಿದ್ದಾರೆ, ಲೈನ್ ಕೋಚ್‌ಗೆ ತನ್ನದೇ ದಢೂತಿ ಬಳಗ ಇದೆ. ಸ್ಪೆಷಲ್ ಟೀಮ್ಸ್ ಕೋಚ್‌ಗೆ, ಕಿಕ್ಕರ್ ಪಂಟರ್ ಸ್ನ್ಯಾಪರ್‌ಗಳನ್ನು ಬಿಟ್ಟರೆ, ತನ್ನವರೆಂಬವರು ಯಾರೂ ಇಲ್ಲ. ಎಲ್ಲರೂ ಎರವಲು. ಪಂಟ್ ಪಡೆಗೆ ರಕ್ಷಣೆಯ ಲೈನ್‌ಬ್ಯಾಕರ್ ಒಬ್ಬ ಬೇಕಾದರೆ ಆ ಹುಡುಗನ ಕೋಚ್ ಬಳಿ ಹೋಗಿ ಕೇಳಬೇಕು. ಅವನು ದಣಿದರೆ, ಕಾಲು ಉಳುಕಿಸಿಕೊಂಡರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರವನ್ನೂ ಹೇಳಬೇಕು. ಕಾಲೇಜು ತಂಡವೊಂದರಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುತ್ತಾರೆ. ಪೂರ್ಣ ವಿದ್ಯಾರ್ಥಿವೇತನ ಬಹುಕಾಲ 85 ಮಂದಿಗಷ್ಟೇ ಇತ್ತು. ಉಳಿದವರು ವಾಕ್‌ಆನ್‌ಗಳು, ಅಂದರೆ ಕೈಯಿಂದ ಫೀಸು ಕಟ್ಟಿ ಬೆವರು ಸುರಿಸುವವರು. ಇವರಿಗೂ ಮೊದಲ ವರ್ಷದ ಎಳೆಯರಿಗೂ ಮೈದಾನ ಕಾಣುವ ದಾರಿ ಸಾಮಾನ್ಯವಾಗಿ ಈ ಪಡೆಗಳೇ. ನಾಳಿನ ತಾರೆಯನ್ನೂ, ಎಂದೂ ತಾರೆಯಾಗದವನನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಉತ್ಸಾಹದಲ್ಲಿ ಓಡಿಸುವ ಕೆಲಸ ಇದು. ಇಲ್ಲಿ ಗದರಿಕೆ ನಡೆಯದು. ಮನವೊಲಿಸಲು ಬಾರದವನು ಮೊದಲ ಋತುವಿನಲ್ಲೇ ಸೋಲುತ್ತಾನೆ. ಒಂದು ತಂಡವನ್ನು ಮುನ್ನಡೆಸಲು ಬೇಕಾದ ವಿದ್ಯೆ ಇದೇ ಅಲ್ಲವೇ?

ಆನ್ ಆರ್ಬರ್‌ನಿಂದ ಐ-94 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಕಲಮಜೂ. ಅಲ್ಲಿನ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಜಾನ್‌ಗೆ ಮೊದಲ ಕೆಲಸ ಸಿಕ್ಕಿತು. ಮುಖ್ಯ ಕೋಚ್ ಅವರ ತಂದೆಯೇ. ಇಲ್ಲಿಯೇ ಮೊದಲ ಆಕ್ಷೇಪವನ್ನು ಎದುರಿಸಬೇಕು: ಅಪ್ಪ ನೆಟ್ಟ ಆಲದಮರದ ನೆರಳಲ್ಲಿ ಬೆಳೆದವನ ಕಥೆಯಿಂದ ಹುದ್ದೆಯ ಹಿರಿಮೆಯನ್ನು ಹೇಗೆ ಸಾಧಿಸುತ್ತೀರಿ? ಆಕ್ಷೇಪದಲ್ಲಿ ಹುರುಳಿದೆ. ಅಮೆರಿಕದ ಕೋಚಿಂಗ್ ಲೋಕದಲ್ಲಿ ಮನೆತನದ ನಂಟು ದೊಡ್ಡ ಬಂಡವಾಳ. ತಂದೆ ಕೋಚ್ ಅಲ್ಲದ, ಅಷ್ಟೇ ಯೋಗ್ಯತೆಯ ಎಷ್ಟೋ ಯುವಕರಿಗೆ ಆ ಮೊದಲ ಬಾಗಿಲೇ ತೆರೆಯುವುದಿಲ್ಲ. ಆದರೆ ಆ ನೆರಳು ಬಹುಕಾಲ ಉಳಿಯಲಿಲ್ಲ. 1986ರ ಋತು ಮುಗಿದ ಮೇಲೆ ಜ್ಯಾಕ್ ಅವರನ್ನೇ ಕೆಲಸದಿಂದ ತೆಗೆದರು. ಮಗ ಪಿಟ್ಸ್‌ಬರ್ಗ್‌ನಲ್ಲಿ ಒಂದು ವರ್ಷ ಇದ್ದು, 1988ರಲ್ಲಿ ಕೆಂಟಕಿಯ ಮೋರ್‌ಹೆಡ್ ಸ್ಟೇಟ್‌ಗೆ ಹೋದರು.

ಮೋರ್‌ಹೆಡ್‌ಗೆ ಹೋಗುವ ದಾರಿ ಮನಸ್ಸಿನಲ್ಲಿ ಉಳಿಯುವಂಥದ್ದು. ಲೆಕ್ಸಿಂಗ್ಟನ್ ಸುತ್ತಲಿನ ಕುದುರೆ ಹುಲ್ಲುಗಾವಲುಗಳು ಹಿಂದೆ ಸರಿದಂತೆ ಐ-64 ಹೆದ್ದಾರಿ ನಿಧಾನಕ್ಕೆ ಬೆಟ್ಟಗಳ ನಡುವೆ ಹೊಕ್ಕು, ಡೇನಿಯಲ್ ಬೂನ್ ರಾಷ್ಟ್ರೀಯ ಅರಣ್ಯದ ಅಂಚು ಮುಟ್ಟುತ್ತದೆ. ಅಪಲೇಶಿಯನ್ ಬೆಟ್ಟಸಾಲಿನ ತಪ್ಪಲಿನ ಈ ಊರಿನಲ್ಲಿ ಕಾಲೇಜೇ ಊರು, ಊರೇ ಕಾಲೇಜು. ಮಿಷಿಗನ್‌ನ ಲಕ್ಷ ಜನರ ಬೋಗುಣಿಯ ಎದುರು ಓದಿದವರಿಗೆ ಇಲ್ಲಿನ ಜೇನ್ ಕ್ರೀಡಾಂಗಣ ಅದರ ಹತ್ತನೇ ಒಂದು ಭಾಗದಷ್ಟೂ ಇಲ್ಲ ಅನ್ನಿಸಿರಬೇಕು. ಇಲ್ಲಿಯೇ ಜಾನ್ ಮೊದಲ ಬಾರಿಗೆ ಸ್ಪೆಷಲ್ ಟೀಮ್ಸ್ ಹೊಣೆ ಹೊತ್ತದ್ದು, ಜೊತೆಗೆ ಹಿಂಬದಿಯ ರಕ್ಷಣಾ ಆಟಗಾರರ ಹೊಣೆ. ಈ ಜೋಡಿ ಹೊರೆ ಆ ಕಾಲದ ಪದ್ಧತಿ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ದೊಡ್ಡ ತಂಡಗಳಿಗೂ ಒಂಬತ್ತೇ ಸಹಾಯಕ ಕೋಚ್‌ಗಳ ಮಿತಿ ಹಾಕಿದ್ದ ವರ್ಷಗಳಲ್ಲಿ ಒದೆತಕ್ಕಾಗಿಯೇ ಒಬ್ಬ ಪೂರ್ಣ ಮನುಷ್ಯನನ್ನು ಇಟ್ಟುಕೊಳ್ಳುವುದು ದುಬಾರಿ ಅನ್ನಿಸುತ್ತಿತ್ತು. 2018ರ ಜನವರಿಯಲ್ಲಿ ಹತ್ತನೆಯವನಿಗೆ ಅವಕಾಶ ಸಿಕ್ಕಾಗ ಹಲವು ತಂಡಗಳು ಆ ಕುರ್ಚಿಯನ್ನು ಇದೇ ಕೆಲಸಕ್ಕೆ ಕೊಟ್ಟವು. ತಡವಾಗಿಯಾದರೂ ಸಿಕ್ಕ ಮನ್ನಣೆ.

ವೃತ್ತಿಪರ ಆಟದಲ್ಲಿ ಈ ಮನ್ನಣೆ ಮೊದಲೇ ಬಂದಿತ್ತು. 1969ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಜಾರ್ಜ್ ಆ್ಯಲನ್, ಸ್ಟ್ಯಾನ್‌ಫರ್ಡ್‌ನಲ್ಲಿ ಕೋಚ್ ಆಗಿದ್ದ ಡಿಕ್ ವರ್ಮೀಲ್ ಅವರನ್ನು ಈ ಕೆಲಸಕ್ಕೆಂದೇ ಕರೆತಂದರು. ಮರುವರ್ಷ ಅದೇ ಜಾಗಕ್ಕೆ ಬಂದವರು ಮಾರ್ವ್ ಲೆವಿ. ವರ್ಮೀಲ್ ಮುಂದೆ ವೃತ್ತಿಪರ ಫುಟ್‌ಬಾಲಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮುಖ್ಯ ಕೋಚ್ ಆದರು. ಲೆವಿ ಬಫಲೊ ತಂಡವನ್ನು ಸತತ ನಾಲ್ಕು ಸೂಪರ್ ಬೌಲ್‌ಗಳಿಗೆ ಒಯ್ದರು. ಅವುಗಳಲ್ಲಿ ಮೊದಲನೆಯದನ್ನು, 1991ರ ಜನವರಿಯಲ್ಲಿ, ಕೊನೆಯ ಗಳಿಗೆಯ 47 ಗಜದ ಒದೆತ ಬಲಕ್ಕೆ ಸರಿದದ್ದರಿಂದ ಒಂದೇ ಅಂಕದಲ್ಲಿ ಕಳೆದುಕೊಂಡರು. ಒದೆತದ ಮೇಷ್ಟ್ರನ್ನೇ ಒದೆತ ಕೈಬಿಟ್ಟ ಆ ರಾತ್ರಿ ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮೋರ್‌ಹೆಡ್‌ನಿಂದ ಉತ್ತರಕ್ಕೆ ಬಂದು ಓಹಾಯೊ ನದಿ ದಾಟಿದರೆ ಸಿನ್ಸಿನಾಟಿ. ನದಿಯ ಮೇಲಿನ ಗುಡ್ಡದಲ್ಲಿ ವಿಶ್ವವಿದ್ಯಾಲಯ. ಅದರ ಹೊಟ್ಟೆಯೊಳಗೆ, ತರಗತಿಯ ಕಟ್ಟಡಗಳ ನಡುವೆ ತಗ್ಗಿನಲ್ಲಿ ನಿಪರ್ಟ್ ಕ್ರೀಡಾಂಗಣ. ಆ ಹೆಸರಿನ ಹಿಂದೆ ಒಂದು ಸಾವಿದೆ. 1923ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಎದುರಿನ ಪಂದ್ಯದಲ್ಲಿ ಗಾಯಗೊಂಡ ಜಿಮ್ಮಿ ನಿಪರ್ಟ್ ಎಂಬ ಆಟಗಾರ, ಗಾಯ ನಂಜೇರಿ ಕ್ರಿಸ್‌ಮಸ್ ದಿನ ತೀರಿಕೊಂಡ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಮನೆತನದ ಅವನ ಅಜ್ಜ ಕೊಟ್ಟ ಹಣದಿಂದ ಕ್ರೀಡಾಂಗಣ ಪೂರ್ಣವಾಯಿತು. ಅದೇ ಮಯಾಮಿಯಲ್ಲಿ ಆಡಿದ್ದ ಜಾನ್, 1989ರಲ್ಲಿ ಎದುರಾಳಿ ಊರಿನ ಈ ಮೈದಾನಕ್ಕೆ ಕೋಚ್ ಆಗಿ ಬಂದು ಎಂಟು ವರ್ಷ ಇದ್ದರು. ತಂಡದ ಸ್ಥಿತಿ ಶೋಚನೀಯವಾಗಿತ್ತು: ಮೊದಲ ವರ್ಷ ಒಂದು ಗೆಲುವು, ಎರಡನೇ ವರ್ಷವೂ ಒಂದೇ. 1993ರಲ್ಲಿ ಎಂಟು ಗೆದ್ದರು; ಆ ಸಾಧನೆಯ ಬಲದಿಂದ ಮುಖ್ಯ ಕೋಚ್ ಟಿಮ್ ಮರ್ಫಿ ಹಾರ್ವರ್ಡ್‌ಗೆ ಹೋದರು. ಅಮೆರಿಕದಲ್ಲಿ ಮುಖ್ಯ ಕೋಚ್ ಬದಲಾದರೆ ಸಹಾಯಕರು ಗಂಟುಮೂಟೆ ಕಟ್ಟುವುದೇ ರೂಢಿ. ಹೊಸಬ ತನ್ನವರನ್ನು ತರುತ್ತಾನೆ. ಆದರೆ ಹೊಸದಾಗಿ ಬಂದ ರಿಕ್ ಮಿಂಟರ್ ಜಾನ್ ಅವರನ್ನು ಉಳಿಸಿಕೊಂಡರು. ಇದು ಮತ್ತೊಮ್ಮೆಯೂ ನಡೆಯಿತು. 1997ರಲ್ಲಿ ಬ್ಲೂಮಿಂಗ್ಟನ್‌ನ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಳೆದು, 1998ರಲ್ಲಿ ವೃತ್ತಿಪರ ತಂಡವಾದ ಫಿಲಡೆಲ್ಫಿಯಾ ಈಗಲ್ಸ್ ಸೇರಿದಾಗ ಅವರನ್ನು ಕರೆದವರು ರೇ ರೋಡ್ಸ್. ಮರುವರ್ಷ ರೋಡ್ಸ್ ಹೋಗಿ ಆ್ಯಂಡಿ ರೀಡ್ ಬಂದರು, ಜಾನ್ ಉಳಿದರು. ಹೀಗೆ ಎರಡು ಸಲ ಒಡೆಯ ಬದಲಾದರೂ ಅಲುಗದೆ ಉಳಿದದ್ದಕ್ಕೆ ತಂದೆಯ ಹೆಸರು ಕಾರಣವಾಗಲಾರದು. ಯಾವ ಬಣಕ್ಕೂ ಸೇರದೆ ಎಲ್ಲ ಬಣಗಳ ಹುಡುಗರ ಜೊತೆ ಕೆಲಸ ಮಾಡಿದವನಿಗೆ ಸಿಗುವ ನಂಬಿಕೆ ಅದು. ಹೊಸ ಯಜಮಾನನಿಗೆ ಮನೆಯ ಪ್ರತಿ ಕೋಣೆಯೂ ಗೊತ್ತಿರುವ ಒಬ್ಬ ಬೇಕಾಗುತ್ತಾನೆ.

ಒಬ್ಬರ ಉದಾಹರಣೆ ಸಾಲದೆನ್ನುವವರು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಬೆಟ್ಟಗಳನ್ನು ದಾಟಿ ವರ್ಜೀನಿಯಾದ ಬ್ಲ್ಯಾಕ್ಸ್‌ಬರ್ಗ್‌ವರೆಗೆ ಬರಬೇಕು. ಬೂದುಬಣ್ಣದ ಸುಣ್ಣಕಲ್ಲಿನ ಕಟ್ಟಡಗಳ ವರ್ಜೀನಿಯಾ ಟೆಕ್ ಇಲ್ಲಿದೆ. 1987ರಿಂದ 2015ರವರೆಗೆ ಮುಖ್ಯ ಕೋಚ್ ಆಗಿದ್ದ ಫ್ರ್ಯಾಂಕ್ ಬೀಮರ್ ಸ್ಪೆಷಲ್ ಟೀಮ್ಸ್ ಕೆಲಸವನ್ನು ಸಹಾಯಕರಿಗೆ ಬಿಡದೆ ತಾವೇ ಇಟ್ಟುಕೊಂಡರು. ಯಜಮಾನನೇ ಪಂಟ್ ತಡೆಯುವುದನ್ನು ಕಲಿಸಲು ನಿಂತರೆ, ಇದು ನನ್ನ ಅಂತಸ್ತಿನ ಕೆಲಸವಲ್ಲ ಎಂದು ಹೇಳುವ ಧೈರ್ಯ ಯಾವ ತಾರೆಗೂ ಇರುವುದಿಲ್ಲ. 1993ರಿಂದ ಅವರ ನಿವೃತ್ತಿಯವರೆಗೆ ತಂಡ ಸತತ 23 ಬಾರಿ ಋತುವಿನ ಕೊನೆಯ ಬೌಲ್ ಪಂದ್ಯಕ್ಕೆ ಅರ್ಹತೆ ಪಡೆಯಿತು. ಬೀಮರ್ ತಮ್ಮ ಆಟದ ದಿನಗಳಲ್ಲಿ ತೊಟ್ಟಿದ್ದ 25ನೇ ನಂಬರಿನ ಅಂಗಿಯನ್ನು ಅವರ ನಂತರ ಪ್ರತಿ ಪಂದ್ಯಕ್ಕೂ ಸ್ಪೆಷಲ್ ಟೀಮ್ಸ್‌ನ ಒಬ್ಬ ಹುಡುಗನಿಗೆ ಕೊಡುವ ಪದ್ಧತಿ ಬೆಳೆಯಿತು. ಹೂವಿನ ಜೊತೆ ಮುಳ್ಳನ್ನೂ ಹೇಳಬೇಕು. ಅವರ ಜೀವನದ ಅತಿ ದೊಡ್ಡ ಪಂದ್ಯ, 2000ದ ಜನವರಿ 4ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್. ಅಲ್ಲಿ ಫ್ಲಾರಿಡಾ ಸ್ಟೇಟ್ ತಂಡ ಬೀಮರ್ ಹುಡುಗರ ಒಂದು ಪಂಟನ್ನು ತಡೆದು ಅಂಕ ಮಾಡಿತು, ಇನ್ನೊಂದು ಪಂಟನ್ನು ಹಿಡಿದು 59 ಗಜ ಓಡಿ ಅಂಕ ಮಾಡಿತು. 46-29ರಲ್ಲಿ ವರ್ಜೀನಿಯಾ ಟೆಕ್ ಸೋತಿತು. ಬೀಮರ್ ತಾವು ಆಯುಷ್ಯವಿಡೀ ಕಲಿಸಿದ ವಿದ್ಯೆಯ ಬೆಲೆಯನ್ನು ಎದುರಾಳಿಯಿಂದ ತಿಳಿಯಬೇಕಾಯಿತು.

ಎರಡನೆಯ ಆಕ್ಷೇಪ ಲೆಕ್ಕಕ್ಕೆ ಸಂಬಂಧಿಸಿದ್ದು. ಇದು ಅಷ್ಟು ಒಳ್ಳೆಯ ಪಾಠಶಾಲೆಯಾದರೆ ಮುಖ್ಯ ಕೋಚ್‌ಗಳಲ್ಲಿ ಹೆಚ್ಚಿನವರು ಆಕ್ರಮಣ ಅಥವಾ ರಕ್ಷಣೆಯ ಕಡೆಯಿಂದಲೇ ಏಕೆ ಬರುತ್ತಾರೆ? ನಿಜ, ಅಲ್ಲಿಂದಲೇ ಬರುತ್ತಾರೆ. ಆದರೆ ಆಯ್ಕೆ ಮಾಡುವವರು ಕಂಡದ್ದನ್ನು ನಂಬುತ್ತಾರೆ. ಟಿವಿಯಲ್ಲಿ ಕಾಣುವುದು ಕ್ವಾರ್ಟರ್‌ಬ್ಯಾಕ್ ಎಸೆತ. ಒಂಬತ್ತು ವರ್ಷ ಫಿಲಡೆಲ್ಫಿಯಾದ ಸ್ಪೆಷಲ್ ಟೀಮ್ಸ್ ನಡೆಸಿದ ಜಾನ್ ಅವರೇ 2007ರಲ್ಲಿ ಆ ಕೆಲಸ ಬಿಟ್ಟು ರಕ್ಷಣಾ ಆಟಗಾರರ ಕೋಚ್ ಆಗಿ ಹುದ್ದೆಯ ಹೆಸರು ಬದಲಿಸಿಕೊಂಡ ಮೇಲೆ, 2008ರ ಜನವರಿಯಲ್ಲಿ, ಬಾಲ್ಟಿಮೋರ್ ರೇವನ್ಸ್‌ನ ಮುಖ್ಯ ಕೋಚ್ ಆದರು. ಆಗ ಮಾಲೀಕ ಸ್ಟೀವ್ ಬಿಶಾಟಿಗೆ ಫೋನ್ ಮಾಡಿ ಅವರ ಪರ ಮಾತಾಡಿದವರು ಬಿಲ್ ಬೆಲಿಚಿಕ್. ಸ್ವತಃ 1979ರಲ್ಲಿ ನ್ಯೂಯಾರ್ಕ್ ಜಯಂಟ್ಸ್‌ನ ಸ್ಪೆಷಲ್ ಟೀಮ್ಸ್ ಕೋಚ್ ಆಗಿದ್ದವರು. ಮಾಣಿಕ್ಯವನ್ನು ಗುರುತಿಸಲು ಅದೇ ಗಣಿಯಲ್ಲಿ ದುಡಿದವರೇ ಬೇಕಾಯಿತು. ಇದು ಹುದ್ದೆಯ ಕೊರತೆ ಅಲ್ಲ, ನೋಡುವವರ ಕಣ್ಣಿನ ಕೊರತೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು, ಅದನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. 2010ರ ಅಕ್ಟೋಬರ್ 16ರಂದು ನ್ಯೂಜೆರ್ಸಿಯಲ್ಲಿ ಆರ್ಮಿ ತಂಡದ ಎದುರು ಆಡುತ್ತಿದ್ದ ರಟ್ಗರ್ಸ್ ವಿಶ್ವವಿದ್ಯಾಲಯದ ಎರಿಕ್ ಲೆಗ್ರ್ಯಾಂಡ್, ಕಿಕ್‌ಆಫ್ ಹಿಡಿದವನನ್ನು ಕೆಡವಲು ಪೂರ್ಣ ವೇಗದಲ್ಲಿ ಓಡಿಬಂದು ಡಿಕ್ಕಿ ಹೊಡೆದ. ಕತ್ತಿನ ಮೂಳೆ ಮುರಿದು ದೇಹ ಸ್ವಾಧೀನ ತಪ್ಪಿತು. ಅವನಿಗೆ 20 ವರ್ಷ. ಗಾಲಿಕುರ್ಚಿಯಲ್ಲೇ ಓದು ಮುಂದುವರಿಸಿ 2014ರಲ್ಲಿ ಪದವಿ ಪಡೆದ. ಎರಡೂ ಕಡೆಯವರು ವೇಗವಾಗಿ ಓಡಿಬಂದು ಡಿಕ್ಕಿಯಾಗುವ ಈ ಆಟವನ್ನು ಕಲಿಸುವವನನ್ನು ಹೊಗಳಬಹುದೇ? ನನ್ನ ಉತ್ತರ: ಆ ಡಿಕ್ಕಿಯನ್ನು ಸಮರ್ಥಿಸಬೇಕಿಲ್ಲ, ಸಮರ್ಥಿಸಲೂಬಾರದು. ಐವಿ ಲೀಗ್ ಎಂಬ ಕೂಟದ ಕಾಲೇಜುಗಳು 2016ರಲ್ಲಿ ಕಿಕ್‌ಆಫ್ ಜಾಗವನ್ನು 35ರಿಂದ 40ನೇ ಗಜಕ್ಕೆ ಸರಿಸಿ, ಹೆಚ್ಚಿನ ಒದೆತಗಳು ಓಟವಿಲ್ಲದೆ ಮುಗಿಯುವಂತೆ ಮಾಡಿದವು. ಸಾವಿರ ಕಿಕ್‌ಆಫ್‌ಗಳಿಗೆ ಹನ್ನೊಂದರಷ್ಟಿದ್ದ ಮಿದುಳಿನ ಪೆಟ್ಟು ಎರಡಕ್ಕೆ ಇಳಿಯಿತು. ಐದು ಗಜದ ಬದಲಾವಣೆಗೆ ಇಷ್ಟು ಫಲ ಇರುವಾಗ ಅದನ್ನು ವಿರೋಧಿಸುವ ಕೋಚ್ ತನ್ನ ಹುಡುಗರಿಗಿಂತ ತನ್ನ ಹುದ್ದೆಯನ್ನು ಹೆಚ್ಚು ಪ್ರೀತಿಸಿದಂತೆ. 2018ರಿಂದ ಎಲ್ಲ ಕಾಲೇಜು ತಂಡಗಳಿಗೂ, 25ನೇ ಗಜದ ಒಳಗೆ ಚೆಂಡನ್ನು ಓಡದೆ ಹಿಡಿದರೆ 25ರಿಂದಲೇ ಆಟ ಶುರುಮಾಡುವ ಅವಕಾಶ ಬಂತು. ಕಿಕ್‌ಆಫ್ ಇನ್ನಷ್ಟು ಕುಗ್ಗಲಿ, ಬೇಕಾದರೆ ನಿಂತೇ ಹೋಗಲಿ. ಈ ಮೇಷ್ಟ್ರ ಬೆಲೆ ಡಿಕ್ಕಿಯಲ್ಲಿ ಇಲ್ಲ.

ಎಲ್ಲಿದೆ ಎಂದು ತಿಳಿಯಲು ಹೊರಟ ಜಾಗಕ್ಕೇ ಮರಳಬೇಕು. 2015ರ ಅಕ್ಟೋಬರ್ 17, ಆನ್ ಆರ್ಬರ್. ಮಿಷಿಗನ್‌ಗೆ ಆಗ ಮುಖ್ಯ ಕೋಚ್ ಜಿಮ್ ಹಾರ್ಬಾ, ಮೊದಲ ವರ್ಷ. ಮಿಷಿಗನ್ ಸ್ಟೇಟ್ ಎದುರು 23-21ರ ಮುನ್ನಡೆ, ಉಳಿದದ್ದು 10 ಸೆಕೆಂಡ್, ಒಂದು ಪಂಟ್ ಒದ್ದರೆ ಗೆಲುವು. ಸ್ನ್ಯಾಪ್ ತಗ್ಗಾಗಿ ಬಂತು, ಆಸ್ಟ್ರೇಲಿಯಾದಿಂದ ಬಂದಿದ್ದ ಪಂಟರ್ ಬ್ಲೇಕ್ ಓನೀಲ್ ಕೈಯಿಂದ ಚೆಂಡು ಜಾರಿತು, ಎದುರಾಳಿಯ ಜೇಲನ್ ವಾಟ್ಸ್-ಜ್ಯಾಕ್ಸನ್ ಅದನ್ನು ಹಿಡಿದು 38 ಗಜ ಓಡಿದ. 27-23. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಂಕ ಗೆರೆ ದಾಟಿದ ವಾಟ್ಸ್-ಜ್ಯಾಕ್ಸನ್ ಕೂಡ ಸೊಂಟದ ಕೀಲು ತಪ್ಪಿ ಆಸ್ಪತ್ರೆ ಸೇರಿದ. ಅದಕ್ಕೂ ಎರಡು ವರ್ಷ ಹಿಂದೆ ಆಬರ್ನ್‌ನಲ್ಲಿ ಅಲಬಾಮಾ ತಂಡ, ಒಂದೇ ಸೆಕೆಂಡ್ ಉಳಿದಾಗ, 57 ಗಜದ ಫೀಲ್ಡ್ ಗೋಲ್ ಒದ್ದು ಕಳೆದುಕೊಂಡದ್ದೂ ಇಂಥದೇ. ಚೆಂಡು ಗುರಿ ಮುಟ್ಟದೆ ಇಳಿಯಿತು. ಆಬರ್ನ್‌ನ ಕ್ರಿಸ್ ಡೇವಿಸ್ ಅಂಕಣದ ತುದಿಯಿಂದ ತುದಿಗೆ ಓಡಿದ. ಅವನನ್ನು ಹಿಡಿಯಬೇಕಾಗಿದ್ದ ಅಲಬಾಮಾದವರಲ್ಲಿ ಹೆಚ್ಚಿನವರು ಒದೆತಕ್ಕೆ ಗೋಡೆ ಕಟ್ಟಲು ಆರಿಸಿದ್ದ ಭಾರೀ ದೇಹದ ಲೈನ್‌ಮನ್‌ಗಳು. ಗೋಡೆಯೇ ಓಡಬೇಕಾದೀತು ಎಂದು ಮೊದಲೇ ಯೋಚಿಸಿ, ಹುಡುಗರಿಗೆ ಮಂಗಳವಾರವೇ ಹೇಳಿ, ಓಡಿಸಿ ನೋಡುವುದು, ಇದು ಈ ಕೋಚ್ ಕೆಲಸ. ನೂರು ಸಲ ಬೇಡವಾದದ್ದು ನೂರೊಂದನೇ ಸಲಕ್ಕೆ ಬೇಕಾಗುತ್ತದೆ.

2013ರ ಫೆಬ್ರವರಿ 3ರಂದು, ಬೀಮರ್ ಸೋತಿದ್ದ ಅದೇ ಸೂಪರ್‌ಡೋಮ್‌ನಲ್ಲಿ, ಜಾನ್ ಅವರ ಬಾಲ್ಟಿಮೋರ್ ತಮ್ಮ ಜಿಮ್ ಅವರ ಸ್ಯಾನ್ ಫ್ರಾನ್ಸಿಸ್ಕೊ ಎದುರು ಸೂಪರ್ ಬೌಲ್ ಆಡಿತು. ದ್ವಿತೀಯಾರ್ಧದ ಮೊದಲ ಒದೆತವನ್ನು ಹಿಡಿದ ಜಕೋಬಿ ಜೋನ್ಸ್ 108 ಗಜ ಓಡಿ ಅಂಕ ಮಾಡಿದ. ಸ್ವಲ್ಪ ಹೊತ್ತಿಗೆ ಕರೆಂಟು ಹೋಗಿ ಆಟ 34 ನಿಮಿಷ ನಿಂತಿತು. ಕೊನೆಗೆ 12 ಸೆಕೆಂಡ್ ಉಳಿದು, ಐದು ಅಂಕದ ಮುನ್ನಡೆ ಇದ್ದಾಗ, ಪಂಟರ್ ಸ್ಯಾಮ್ ಕೋಕ್ ಚೆಂಡನ್ನು ಒದೆಯಲಿಲ್ಲ. ತನ್ನದೇ ಗೆರೆಯ ಹಿಂದೆ ಅತ್ತಿತ್ತ ಓಡಿ, ಎಂಟು ಸೆಕೆಂಡ್ ಕಳೆದು, ಬೇಕೆಂದೇ ಅಂಗಳದಾಚೆ ಕಾಲಿಟ್ಟು ಎದುರಾಳಿಗೆ ಎರಡು ಅಂಕ ಬಿಟ್ಟುಕೊಟ್ಟ. 34-31. ಉಳಿದ ನಾಲ್ಕು ಸೆಕೆಂಡಿಗೆ ಇನ್ನೊಂದು ಒದೆತ. ಅದನ್ನು ಹಿಡಿದು ಓಡಿದ ಟೆಡ್ ಗಿನ್‌ನನ್ನು ಅಂಗಳದ ನಡುಭಾಗದಲ್ಲಿ ಕೆಡವಿದವನು ಜಾಶ್ ಬೈನ್ಸ್. ಅಲ್ಲಿಗೆ ಪಂದ್ಯ ಮುಗಿಯಿತು. ಆಬರ್ನ್‌ನಲ್ಲಿ ಓದಿದ್ದ ಬೈನ್ಸ್‌ನನ್ನು ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2011ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಿರಲಿಲ್ಲ.